ಹೋಟೆಲ್‌ನವರು ತಾವೇ ಮಾಡಿದ ತಿಂಡಿಯನ್ನು ಯಾಕೆ ತಿನ್ನುವುದಿಲ್ಲ?

ಕಲಬೆರಕೆ ಇರಬೇಕು ಅನ್ನೋ ಅನುಮಾನ ಸಹಜ. ಹಳೇ ಎಣ್ಣೆ ಅಂತ ಗೊತ್ತಿದ್ದೇ ಮುಟ್ಟದವರೂ ಇದ್ದಾರೆ, ಇಲ್ಲವೆನ್ನಲ್ಲ. ಆದರೆ ಹೆಚ್ಚಿನ ಸಲ ಕಾರಣ ಮೂಗು.

ನನ್ನ ಸೋದರಮಾವ ಮುಂಬೈನ ಮಾಟುಂಗಾದ ಒಂದು ಉಡುಪಿ ಹೋಟೆಲ್‌ನಲ್ಲಿ ಇಪ್ಪತ್ತು ವರ್ಷ ದೋಸೆ ಹೊಯ್ದವರು. ಬೆಳಿಗ್ಗೆ ಕಾವಲಿಗೆ ನೀರು ಚಿಮುಕಿಸಿ, ಹಿಡಿಸೂಡಿಯಲ್ಲಿ ಗುಡಿಸಿ ಶುರು ಮಾಡಿದರೆ ಹನ್ನೊಂದರವರೆಗೆ ಬಿಡುವಿಲ್ಲ. ಗಿರಾಕಿಗಳು ತುಪ್ಪದ ಘಮಕ್ಕೇ ಒಳಗೆ ಬರುತ್ತಿದ್ದರು. ಮಾವ ಮಾತ್ರ ಹಿಂದಿನ ಕೋಣೆಯಲ್ಲಿ ಕುಚ್ಚಲಕ್ಕಿ ಗಂಜಿ, ಮಿಡಿ ಉಪ್ಪಿನಕಾಯಿ ಇಟ್ಟುಕೊಂಡು ಕೂರುತ್ತಿದ್ದರು. "ಮೂಗಲ್ಲೇ ಹೊಟ್ಟೆ ತುಂಬಿತು ಮಾರಾಯ!"

ಅದು ಬರೀ ತಮಾಷೆಯಲ್ಲ. ಒಂದೇ ವಾಸನೆ ಬರುತ್ತಲೇ ಇದ್ದರೆ ಮೂಗು ಒಗ್ಗಿಹೋಗುತ್ತದೆ. ರುಚಿಯಲ್ಲಿ ವಾಸನೆಯ ಪಾಲೇ ಜಾಸ್ತಿ, ಅಲ್ವಾ? ಇನ್ನೊಂದು, ಒಂದೇ ತಿಂಡಿ ತಿನ್ನುತ್ತಾ ಹೋದರೆ ಅದರ ಮೇಲಿನ ಆಸೆ ಇಳಿಯುತ್ತದೆ, ಬೇರೆಯದರ ಆಸೆ ಅಷ್ಟು ಇಳಿಯುವುದಿಲ್ಲ. ಮದುವೆ ಊಟದಲ್ಲಿ ಹೊಟ್ಟೆ ಬಿರಿದರೂ ಹೋಳಿಗೆಗೆ ಜಾಗ ಸಿಗುವುದು ಹೀಗೆ.

ತಿನ್ನಲೇಬೇಕು ಅಂತಲೂ ಇಲ್ಲ. 2010ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರು ಕೆಲವರಿಗೆ 30 ಚಾಕೊಲೇಟ್ ಗುಳಿಗೆಗಳನ್ನು ಒಂದೊಂದಾಗಿ ತಿಂದ ಹಾಗೆ ಸುಮ್ನೆ ಕಲ್ಪಿಸಿಕೊಳ್ಳಲು ಹೇಳಿದರು. ಆಮೇಲೆ ಬಟ್ಟಲು ಮುಂದಿಟ್ಟರೆ, ಮೂರೇ ಕಲ್ಪಿಸಿಕೊಂಡವರಿಗಿಂತ ಇವರು ಕಡಿಮೆ ತಿಂದರು! ಮಾವನ ಕಣ್ಣ ಮುಂದೆ ದಿನಕ್ಕೆ ನೂರಾರು ದೋಸೆ.

ರಜೆಗೆ ಊರಿಗೆ ಬಂದು ವಾರ ಕಳೆದರೆ ಸಾಕು, ಅವರೇ ಅತ್ತೆಯನ್ನು ಕೇಳುತ್ತಿದ್ದರು: "ನಾಳೆಗೆ ದೋಸೆ ಮಾಡ್ತೀಯಾ?"