ಮಗ ಗಾಂಜಾ ಸೇದುತ್ತೇನೆಂದರೆ: ಮಿಸ್ಸಿಸಾಗಕ್ಕೆ ಹೊಸದಾಗಿ ಬಂದವರಿಗೆ ಒಂದು ಉತ್ತರ

ನಮಸ್ಕಾರ. ಹುಬ್ಬಳ್ಳಿಯಿಂದ ಕೆನಡಾದ ಈ ಮಿಸ್ಸಿಸಾಗಕ್ಕೆ ಬಂದು ಮೂರು ತಿಂಗಳಾಯಿತೆಂದು ಬರೆದು ನೀವು ಮೂರು ವಿಷಯ ಕೇಳಿದ್ದೀರಿ: ಚಳಿಗಾಲಕ್ಕೆ ಏನು ಕೊಳ್ಳಬೇಕು, ಹಳೆಯ ಕಾರು ತೆಗೆದುಕೊಳ್ಳಬಹುದೇ, ಮತ್ತು ‘ಇಲ್ಲಿ ಗಾಂಜಾ ಅಪರಾಧವಲ್ಲ, ಗೆಳೆಯನ ಅಪ್ಪ ಮನೆಯಲ್ಲೇ ಸೇದಲು ಬಿಡುತ್ತಾರೆ’ ಎಂದು ವಾದಿಸುವ 15 ವರ್ಷದ ಮಗನಿಗೆ, ಎಲ್ಲೋ ಕದ್ದು ಸೇದುವುದಕ್ಕಿಂತ ನಮ್ಮ ಕಣ್ಣೆದುರೇ ಸೇದಲಿ ಎಂದು ಒಪ್ಪಿಗೆ ಕೊಡುವುದು ಸರಿಯೇ. ಒಳ್ಳೆಯ ಬೂಟು ಕೊಳ್ಳಿ. ಕಾರನ್ನು ಮೆಕ್ಯಾನಿಕ್‌ಗೆ ತೋರಿಸಿ ಕೊಳ್ಳಿ. ಮೂರನೆಯದಕ್ಕೆ, ದಯವಿಟ್ಟು ಒಪ್ಪಿಗೆ ಕೊಡಬೇಡಿ. ಆದರೆ ‘ಬೇಡ’ ಎಂಬುದನ್ನು ಹೇಗೆ ಹೇಳಬಾರದೆಂದು ನನಗೆ ಚೆನ್ನಾಗಿ ಗೊತ್ತಿರುವುದರಿಂದ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಾವು 2006ರ ನವೆಂಬರಿನಲ್ಲಿ, ನಾಲ್ಕು ವರ್ಷದ ಮಗನನ್ನು ಎತ್ತಿಕೊಂಡು ಇಲ್ಲಿಗೆ ಬಂದೆವು. ಬಾಡಿಗೆ ಮನೆಯ ಲಿಫ್ಟಿನ ಬಾಗಿಲು ತೆರೆದೊಡನೆ ಹಸಿ ಸೊಪ್ಪು ಸುಟ್ಟಂಥ ವಾಸನೆ ಮೂಗಿಗೆ ಬಡಿಯಿತು. ಯಾರದೋ ಒಲೆಯಲ್ಲಿ ಏನೋ ಸೀದಿದೆ ಎಂದು ನನ್ನವಳು ಹೇಳಿದಳು. ದಾವಣಗೆರೆಯಲ್ಲಿ ನಮ್ಮ ಓಣಿಯ ಕೊನೆಯ ಗುಡಿಕಟ್ಟೆಯ ಮೇಲೆ ಬೈರಾಗಿಗಳು ಚಿಲುಮೆ ಎಳೆಯುವುದನ್ನು ನೋಡುತ್ತ ಬೆಳೆದ ನನಗೆ ಅದು ಏನೆಂದು ತಕ್ಷಣ ತಿಳಿಯಿತಾದರೂ ಸುಮ್ಮನಿದ್ದೆ. ಆ ವಿಷಯದಲ್ಲಿ ಸುಮ್ಮನಿರುವುದು ಅಂದೇ ರೂಢಿಯಾಯಿತೆಂದು ಕಾಣುತ್ತದೆ.

ನಿಮ್ಮ ಮಗ ಕಾನೂನನ್ನು ಅರ್ಧ ಮಾತ್ರ ಓದಿದ್ದಾನೆ. 2018ರ ಅಕ್ಟೋಬರ್ 17ರಿಂದ ಕೆನಡಾದಲ್ಲಿ ಗಾಂಜಾ ಸಕ್ರಮವಾದದ್ದು ವಯಸ್ಕರಿಗೆ ಮಾತ್ರ. ಅದೂ ಆಲ್ಬರ್ಟಾ ಪ್ರಾಂತ್ಯದಲ್ಲಿ 18 ತುಂಬಿದವರಿಗೆ, ನಮ್ಮ ಒಂಟಾರಿಯೊ ಪ್ರಾಂತ್ಯದಲ್ಲಿ 19 ತುಂಬಿದವರಿಗೆ, ಕ್ವಿಬೆಕ್‌ನಲ್ಲಿ 2020ರಿಂದ 21 ತುಂಬಿದವರಿಗೆ. ಮಕ್ಕಳಿಗೆ ಮನೆಯೊಳಗೆ ತಂದೆತಾಯಿಯೇ ಸ್ವಲ್ಪ ಬಿಯರ್ ಕೊಟ್ಟರೆ ಒಂಟಾರಿಯೊದ ಕಾನೂನು ಅಡ್ಡಿಪಡಿಸುವುದಿಲ್ಲ, ಆದರೆ ಗಾಂಜಾಕ್ಕೆ ಆ ವಿನಾಯಿತಿ ಇಲ್ಲ. 18ರ ಒಳಗಿನವರಿಗೆ ಅದನ್ನು ಕೊಡುವುದು 14 ವರ್ಷಗಳವರೆಗೆ ಸೆರೆವಾಸ ವಿಧಿಸಬಹುದಾದ ಅಪರಾಧ, ಕೊಟ್ಟವರು ಹೆತ್ತವರೇ ಆಗಿದ್ದರೂ ಸರಿ. ನಿಮ್ಮ ಕೈಯಲ್ಲಿರುವುದು ಪೌರತ್ವವಲ್ಲ, ಇನ್ನೂ ಪಿಆರ್ ಕಾರ್ಡ್ (ಕಾಯಂ ವಾಸದ ಪರವಾನಗಿ) ಮಾತ್ರವಾದ್ದರಿಂದ ಅಂಥ ಪ್ರಕರಣ ಈ ದೇಶದಲ್ಲಿ ಉಳಿಯುವುದಕ್ಕೇ ಕುತ್ತಾಗಬಹುದು. ಊರಿಗೆ ಹೊರಡುವಾಗ ಅವನ ಬ್ಯಾಗನ್ನು ನೀವೇ ತುಂಬಿ. ಇಲ್ಲಿಯ ಅಂಗಡಿಯ ಗಾಂಜಾ ರಸೀದಿಗೆ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಬೆಲೆಯಿಲ್ಲ.

ಶಿವರಾತ್ರಿಯಲ್ಲಿ ನಮ್ಮವರೇ ಭಂಗಿ ಕುಡಿಯುತ್ತಾರಲ್ಲ ಎಂದೂ ಅವನು ಕೇಳಬಹುದು, ನನ್ನ ಮಗ ಕೇಳಿದ್ದ. ವರ್ಷಕ್ಕೊಮ್ಮೆ ಹಿರಿಯರು ಅರೆದು ಕುಡಿಯುವ ಸೊಪ್ಪು ಬೇರೆ, ಬೆಳೆಯುತ್ತಿರುವ ಹುಡುಗ ಶಾಲೆ ಬಿಟ್ಟ ಮೇಲೆ ದಿನವೂ ಎಳೆಯುವ ಹೊಗೆ ಬೇರೆ. ಮಿದುಳಿನ ಬೆಳವಣಿಗೆ ಸುಮಾರು 25ರವರೆಗೂ ನಡೆಯುತ್ತದೆಂದು, ಚಿಕ್ಕ ವಯಸ್ಸಿನಲ್ಲಿ ಶುರುಮಾಡಿ ಪದೇ ಪದೇ ಸೇದಿದವರಿಗೆ ನೆನಪು, ಗಮನ ಮತ್ತು ಮನಸ್ಸಿನ ಕಾಯಿಲೆಯ ತೊಂದರೆ ಹೆಚ್ಚೆಂದು ಇಲ್ಲಿನ ಆರೋಗ್ಯ ಇಲಾಖೆಯೇ ಎಚ್ಚರಿಸುತ್ತದೆ.

ಇನ್ನು ನನ್ನ ತಪ್ಪು. 2018ರ ಡಿಸೆಂಬರಿನಲ್ಲಿ ಒಗೆಯಲು ತೆಗೆದ ಅವನ ಜಾಕೆಟ್ಟಿನ ಜೇಬಿನಲ್ಲಿ ಅಡಿಕೆಯಷ್ಟು ದೊಡ್ಡ ಒಂದು ಪೊಟ್ಟಣ ಸಿಕ್ಕಿತು. ಅವನಿಗೆ ಆಗ 16. ಏನನ್ನೂ ಕೇಳದೆ, ‘ನಾಳೆಯೇ ಟಿಕೆಟ್ ತೆಗೆಯುತ್ತೇನೆ, ದಾವಣಗೆರೆಗೆ ಹೋಗಿ ಅಜ್ಜನ ಕಿರಾಣಿ ಅಂಗಡಿಯಲ್ಲಿ ಕೂತು ಬಿದ್ದಿರು’ ಎಂದು ಕೂಗಾಡಿದೆ. ಅವನು ಮರುಮಾತಾಡಲಿಲ್ಲ, ತಿದ್ದಿಕೊಂಡನೆಂದು ನಾನು ಬೀಗಿದೆ. 2020ರ ಫೆಬ್ರವರಿಯ ಒಂದು ಶನಿವಾರ ಗೆಳೆಯನ ಮನೆಯಲ್ಲಿ ಗಾಂಜಾ ಬೆರೆಸಿದ ಮಿಠಾಯಿ ತಿಂದ. ತಿನ್ನುವ ಪದಾರ್ಥದ ಅಮಲು ಏರಲು ಎರಡು ಗಂಟೆಯೂ ಹಿಡಿಯಬಹುದೆಂದು ತಿಳಿಯದೆ, ಒಂದು ಗಂಟೆಯಾದರೂ ಏನೂ ಆಗಲಿಲ್ಲವೆಂದು ಮತ್ತಷ್ಟು ತಿಂದು, ಎದೆ ಹೊಡೆದುಕೊಂಡು ವಾಂತಿ ಮಾಡಿಕೊಳ್ಳುತ್ತ ಕುಸಿದ. ಆಸ್ಪತ್ರೆಗೆ ಕರೆದೊಯ್ದವರು ಆ ಗೆಳೆಯನ ತಾಯಿ, ಒಬ್ಬ ಪಂಜಾಬಿ ಹೆಣ್ಣುಮಗಳು. ರಾತ್ರಿ ಒಂದೂವರೆಗೆ ನನಗೆ ಫೋನ್ ಮಾಡಿ, ‘ಅಪ್ಪನಿಗೆ ಹೇಳಬೇಡಿ ಎಂದು ನನ್ನ ಕೈ ಹಿಡಿದುಕೊಂಡಿದ್ದಾನೆ, ಭಾಯಿಸಾಬ್, ಬಂದು ಬೈಯಬೇಡಿ’ ಎಂದರು. ನಮ್ಮ ಮನೆ ಅಲ್ಲಿಂದ ನಾಲ್ಕು ನಿಮಿಷದ ದಾರಿ.

ಆದ್ದರಿಂದ ಬೇಡ ಎಂದು ಸ್ಪಷ್ಟವಾಗಿ ಹೇಳಿ, ಕಾರಣ ಹೇಳಿ. ಆದರೆ ಎಷ್ಟು ಹೊತ್ತಿಗೆ, ಯಾವ ಸ್ಥಿತಿಯಲ್ಲಿ ಫೋನ್ ಮಾಡಿದರೂ ಬಂದು ಕರೆದುಕೊಂಡು ಹೋಗುತ್ತೇನೆ, ಅಂದು ರಾತ್ರಿ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ ಎಂಬುದನ್ನು ಅದೇ ದಿನ ಹೇಳಿ. ನಿಮ್ಮ ಯಜಮಾನರಿಂದಲೂ ಹೇಳಿಸಿ.

ಮಗ ವಾಟರ್‌ಲೂ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಮುಗಿಸಿ ಈಗ ಒಳ್ಳೆಯ ಕೆಲಸದಲ್ಲಿದ್ದಾನೆ, ಆ ವಿಷಯದಲ್ಲಿ ದೇವರು ದೊಡ್ಡವನು. ಆದರೆ ಊರನ್ನು ನಾನೇ ಅವನ ಪಾಲಿಗೆ ಜೈಲು ಮಾಡಿಬಿಟ್ಟೆ. ಕಳೆದ ವರ್ಷ ಅಮ್ಮನ ತಿಥಿಗೆ ಮೂರು ಟಿಕೆಟ್ ನೋಡಿದ್ದೆ, ಅವನು ರಜೆಯಿಲ್ಲವೆಂದ. ಅದೇ ವಾರ ಗೆಳೆಯರೊಂದಿಗೆ ಮೆಕ್ಸಿಕೋಗೆ ಹೋಗಿದ್ದನೆಂದು ಆಮೇಲೆ ತಿಳಿಯಿತು, ನಾನು ಕೇಳಲಿಲ್ಲ.