ಹೋಂಸ್ಟೇ ಗೇಟಿನ ಸ್ವಸ್ತಿಕ ತೆಗೆಸಬೇಕಾ?

ತೆಗೆಸಬೇಡಿ. ಆದರೆ ಬಣ್ಣ ಬದಲಾಯಿಸಿ.

ಚಿಕ್ಕಮಗಳೂರಿನ ಹತ್ತಿರ ಹೋಂಸ್ಟೇ ನಡೆಸುತ್ತೀರಿ. ಗೇಟಿನ ಸ್ವಸ್ತಿಕ ನೋಡಿ ಜರ್ಮನಿಯಿಂದ ಬಂದ ಯಹೂದಿ ಅತಿಥಿಯೊಬ್ಬರು ಗಾಬರಿಯಾದರು, ಊರಿಗೆ ಹೋದ ಮೇಲೆ ನೊಂದು ಮೆಸೇಜ್ ಕಳಿಸಿದ್ದಾರೆ ಅಂತ ಬರೆದಿದ್ದೀರಿ. ನಮ್ಮೂರಲ್ಲಿ ನಮ್ಮ ಗುರುತು, ಅವರಿಗೇನು ಕಷ್ಟ ಅಂತ ನಿಮ್ಮ ಮನೆಯವರ ವಾದ. ನಾನೂ ಮೂಡಿಗೆರೆ ಕಡೆ ಹೋಂಸ್ಟೇ ನಡೆಸುವವನು, ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಅವರ ಕಷ್ಟ ಸಣ್ಣದಲ್ಲ. ಹಿಟ್ಲರನ ನಾಜಿ ಪಕ್ಷ 1920ರಲ್ಲಿ ಈ ಗುರುತನ್ನು ತನ್ನ ಬಾವುಟಕ್ಕೆ ಹಾಕಿಕೊಂಡಿತು. 1935ರಿಂದ ಇಡೀ ಜರ್ಮನಿಗೆ ಅದೊಂದೇ ಬಾವುಟ. ಅದರ ಕೆಳಗೆ ಸುಮಾರು 60 ಲಕ್ಷ ಯಹೂದಿಗಳನ್ನು ಕೊಂದರು. ಇವತ್ತು ಆ ದೇಶದಲ್ಲಿ ನಾಜಿ ಗುರುತನ್ನು ಜನರ ಎದುರು ಪ್ರದರ್ಶಿಸಿದರೆ 3 ವರ್ಷದವರೆಗೂ ಜೈಲು ಆಗಬಹುದು. ಪಾಠ, ಕಲೆ, ಸಂಶೋಧನೆಯಂಥ ಕೆಲಸಗಳಿಗೆ ವಿನಾಯಿತಿ ಇದೆ. ಹಾಗೆ ಬೆಳೆದವರು ರಾತ್ರಿ ಮಲಗಬೇಕಾದ ಮನೆಯ ಗೇಟಿನಲ್ಲೇ ಅದನ್ನು ಕಂಡರೆ ಎದೆ ಧಸಕ್ಕೆನ್ನದೆ ಇರುತ್ತಾ?

ಇನ್ನು ನಮ್ಮ ಕಡೆ. ಆಯುಧ ಪೂಜೆ ದಿನ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್, ತೂಕದ ಯಂತ್ರ, ಜೀಪಿನ ಬಾನೆಟ್ಟು ಎಲ್ಲದಕ್ಕೂ ಅರಿಶಿನ ಕುಂಕುಮದಲ್ಲಿ ಸ್ವಸ್ತಿಕ ಬರೆಯುತ್ತೇವೆ. ಜೈನರು ಪೂಜೆಗೆ ಅಕ್ಕಿಯಲ್ಲಿ ಬರೆಯುತ್ತಾರೆ. ಅದರ ನಾಲ್ಕು ಕೈ ಅಂದರೆ ಜೀವದ ನಾಲ್ಕು ಗತಿ, ಅಂದರೆ ಹುಟ್ಟಿನ ಬಗೆ: ದೇವ, ಮನುಷ್ಯ, ತಿರ್ಯಂಚ (ಪ್ರಾಣಿ, ಸಸ್ಯ), ನರಕ. ಇಷ್ಟು ಹಳೆಯದನ್ನು ಹಿಟ್ಲರ್ ಕೆಡಿಸಿದ ಅಂತ ನಾವ್ಯಾಕೆ ಬಿಟ್ಟುಕೊಡಬೇಕು? ಹೊರದೇಶದ ಕಾನೂನುಗಳೇ ಹಾಗೆ ಕೇಳುತ್ತಿಲ್ಲ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 2022ರಲ್ಲಿ ನಾಜಿ ಗುರುತಿನ ಪ್ರದರ್ಶನ ನಿಷೇಧಿಸಿತು. ಹಿಂದೂ, ಜೈನ, ಬೌದ್ಧರ ಸ್ವಸ್ತಿಕಕ್ಕೆ ಅದೇ ಕಾನೂನಿನಲ್ಲಿ ಅವಕಾಶ ಇಟ್ಟಿದೆ.

ಒಂದು ಮಾತು ಮಾತ್ರ ಅತಿಥಿಗೆ ಹೇಳಬೇಡಿ: 'ನಮ್ಮದು ಬಲಕ್ಕೆ ತಿರುಗುತ್ತೆ, ನಾಜಿಗಳದ್ದು ಎಡಕ್ಕೆ' ಅಂತ. ವಾಟ್ಸಾಪ್‌ನಲ್ಲಿ ಓಡಾಡೋ ಈ ಮಾತು ಸುಳ್ಳು. ಅವರದ್ದೂ ಬಲಕ್ಕೇ ತಿರುಗುತ್ತಿತ್ತು. ಬಾವುಟದಲ್ಲಿ ಓರೆಯಾಗಿ ನಿಲ್ಲಿಸಿದ್ದರು ನಿಜ, ಬೇರೆ ಕಡೆ ನೆಟ್ಟಗೂ ಬರೆದಿದ್ದಾರೆ. ಅವರದ್ದನ್ನು ದೂರದಿಂದಲೇ ಗುರುತು ಹಿಡಿಯೋದು ಬಣ್ಣದಿಂದ. ಕೆಂಪು ಹಿನ್ನೆಲೆ, ಬಿಳಿ ವೃತ್ತ, ಒಳಗೆ ಕಪ್ಪು ಗುರುತು.

ಈಗ ನೀವು ಹಾಕಿರುವ ಫೋಟೋ ಇನ್ನೊಮ್ಮೆ ನೋಡಿ. ಗೇಟಿಗೆ ರೆಡ್ ಆಕ್ಸೈಡ್ ಬಳಿದಿದ್ದೀರಿ. ನಡುವಿನ ತಗಡಿನ ವೃತ್ತಕ್ಕೆ ಬಿಳಿ ಪೇಂಟು. ಅದರ ಮೇಲೆ ವೆಲ್ಡಿಂಗ್‌ನವನು ಕೂರಿಸಿದ ಸ್ವಸ್ತಿಕಕ್ಕೆ ಕಪ್ಪು. ನಾಲ್ಕು ಚುಕ್ಕೆಯೂ ಇಲ್ಲ. ನಿಮ್ಮ ಮನಸ್ಸಿನಲ್ಲಿ ಏನೂ ಇರಲಿಲ್ಲ, ಗೊತ್ತು. ಆದರೂ ಆ ಅತಿಥಿ ಕಂಡಿದ್ದು ಹೆಚ್ಚುಕಡಿಮೆ ಅದೇ ಬಾವುಟ. ಸ್ವಸ್ತಿಕಕ್ಕೆ ಅರಿಶಿನದ ಬಣ್ಣ ಕೊಡಿ, ನಾಲ್ಕು ಚುಕ್ಕೆ ಇಡಿ, ಬಿಳಿ ವೃತ್ತಕ್ಕೆ ಗೇಟಿನ ಬಣ್ಣವನ್ನೇ ಬಳಿಯಿರಿ. ಅರ್ಧ ದಿನದ ಕೆಲಸ.

ನನಗೆ ನಿಜವಾಗಿ ಸಿಟ್ಟು ಬರೋದು ಬೇರೆ ಕಡೆ. ಮುಳ್ಳಯ್ಯನಗಿರಿ ದಾರಿಯಲ್ಲಿ ಕೆಲವು ಹುಡುಗರ ಹೆಲ್ಮೆಟ್ ಮೇಲೆ ಇದೇ ಕೆಂಪು-ಬಿಳಿ-ಕಪ್ಪು ಸ್ಟಿಕ್ಕರ್ ನೋಡಿದ್ದೇನೆ. ಸ್ಟೈಲ್ ಅಂತೆ. 2006ರಲ್ಲಿ ನವಿ ಮುಂಬೈಯ ಒಂದು ರೆಸ್ಟೋರೆಂಟ್‌ಗೆ ಹಿಟ್ಲರನ ಹೆಸರನ್ನೇ ಇಟ್ಟಿದ್ದರು. ಅಲ್ಲಿನ ಯಹೂದಿಗಳು ವಿರೋಧಿಸಿದ ಮೇಲೆ ಬದಲಾಯಿಸಿದರು. ಇದಕ್ಕೆಲ್ಲ ನಮ್ಮ ಸಂಪ್ರದಾಯದ ರಕ್ಷಣೆ ಕೊಡಬಾರದು. ಅಂಥ ಸ್ಟಿಕ್ಕರ್ ಇರುವ ಬೈಕ್ ನಮ್ಮ ಹೋಂಸ್ಟೇಗೆ ಬಂದರೆ ಕಿತ್ತು ಒಳಗೆ ಬನ್ನಿ ಅಂತೇನೆ.

ಮೆಸೇಜಿಗೆ ಇನ್ನೂ ಉತ್ತರ ಕೊಟ್ಟಿಲ್ಲ ಅಂದಿದ್ದೀರಿ. ಇವತ್ತೇ ಬರೆಯಿರಿ. ಮೊದಲ ಸಾಲಲ್ಲೇ ಸ್ವಸ್ತಿಕದ ಇತಿಹಾಸ ಶುರು ಮಾಡಬೇಡಿ. ನಿಮಗೆ ನೋವಾಗಿದ್ದಕ್ಕೆ ಬೇಸರವಿದೆ ಅಂತ ಮೊದಲು ಹೇಳಿ. ನಮ್ಮಲ್ಲಿ ಅದನ್ನು ಯಾಕೆ ಬರೆಯುತ್ತಾರೆ ಅನ್ನೋದು ಆಮೇಲೆ ಎರಡು ಸಾಲು ಸಾಕು. ಪೇಂಟ್ ಆದ ಮೇಲೆ ಗೇಟಿನ ಫೋಟೋನೂ ಕಳಿಸಿ.