ಕಡುಬೂದು ಸೀರೆಯ ಟೀಚರು ಮತ್ತು ಆಟಿ ತಿಂಗಳು

ನೀವು ಕೇಳಿದ್ದು ಇದು: ಮಲ್ಪೆಯಲ್ಲಿ ನಡೆಯುವ ನಿಮ್ಮ ಕತೆಯಲ್ಲಿ ಟೀಚರೊಬ್ಬರು ಯಾವಾಗಲೂ ಕಡುಬೂದು ಸೀರೆ ಉಡುತ್ತಾರೆ. ಹುಡುಕಿದಲ್ಲೆಲ್ಲ ಆ ಬಣ್ಣಕ್ಕೆ ಖಿನ್ನತೆ, ಮುಪ್ಪು, ನೀರಸ ಬದುಕು ಎಂದೇ ಅರ್ಥ ಸಿಗುತ್ತದೆ. ಕನ್ನಡದ ಓದುಗರಿಗೂ ಹಾಗೇ ತಟ್ಟುತ್ತದಾ?

ಕರಾವಳಿಯವರಿಗಂತೂ ತಟ್ಟಲಿಕ್ಕಿಲ್ಲ. ಬಣ್ಣಕ್ಕೆ ಅರ್ಥ ಹೇಳುವ ಅಂಥ ಪಟ್ಟಿಗಳ ಹಿಂದೆ ಇರುವುದು ಬಿಸಿಲಿಗೆ ಹಂಬಲಿಸುವ ಚಳಿದೇಶಗಳ ಮನಸ್ಸು. ಅಲ್ಲಿ ಮೋಡ ಕವಿದರೆ ದಿನ ಕೆಟ್ಟಿತು. ನಮ್ಮ ಮಂಗಳೂರಿನಲ್ಲಿ ಮೇ ಕೊನೆಗೆ ಬಾವಿಯ ತಳ ಕಾಣುತ್ತಿರುತ್ತದೆ, ಅಂಗಿ ಬೆನ್ನಿಗೆ ಅಂಟಿರುತ್ತದೆ. ಆಗ ಪಡುವಣದಲ್ಲಿ ಕಡಲ ಮೇಲೆ ಆ ಬಣ್ಣ ಏಳುವುದನ್ನು ನೋಡಿ ಯಾರಾದರೂ ಖಿನ್ನರಾಗುತ್ತಾರಾ ಮಾರಾಯ್ರೆ? ಕಾಳಿದಾಸನ ‘ಮೇಘದೂತ’ದಲ್ಲಿ ಹೆಂಡತಿಯಿಂದ ದೂರವಾದ ಯಕ್ಷನಿಗೆ ಆಷಾಢದ ಮೊದಲ ದಿನ ಬೆಟ್ಟಕ್ಕೊರಗಿದ ಮೋಡ ಕಂಡದ್ದು ದಿಬ್ಬಕ್ಕೆ ತಿವಿದು ಆಡುವ ಆನೆಯ ಹಾಗೆ. ವಿರಹ ಉಂಟು, ಸುಳ್ಳಲ್ಲ. ಆದರೆ ಆ ಮೋಡವೇ ಅವನ ಓಲೆಕಾರ.

ಜುಲೈ ನಡುವಿಗೆ ಬನ್ನಿ, ಅದೇ ಬಣ್ಣ ಮಗುಚಿ ಬೀಳುತ್ತದೆ. ತುಳುವರ ಆಟಿ ತಿಂಗಳು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಬೋಟುಗಳೆಲ್ಲ ಬಂದರಿನಲ್ಲಿ ಒತ್ತೊತ್ತಾಗಿ ನಿಂತಿರುತ್ತವೆ. ಬಾನು ಎಲ್ಲಿ ಮುಗಿಯಿತು, ಕಡಲು ಎಲ್ಲಿ ಶುರುವಾಯಿತು ಗೊತ್ತಾಗುವುದಿಲ್ಲ. ಹಳಬರಿಗೆ ಇದು ಮನೆಯಲ್ಲಿ ಅಕ್ಕಿ ತಳ ಕಾಣುವ, ರೋಗ ಹೆಚ್ಚುವ ಕಾಲ. ಶುಭಕಾರ್ಯ ಇಲ್ಲ. ಅಮಾವಾಸ್ಯೆಯ ಬೆಳಗಿನ ಜಾವ ಕತ್ತಿ ತಾಗಿಸದೆ ಕಲ್ಲಿನಿಂದ ಜಜ್ಜಿ ತೆಗೆದ ಪಾಲೆ ಮರದ ತೊಗಟೆಯ ಕಷಾಯ ಕುಡಿಯಬೇಕು, ಮಾರಿ ಕಳೆಯಲು ಆಟಿ ಕಳೆಂಜ ಎಂಬ ವೇಷಧಾರಿ ಮನೆ ಮನೆಗೆ ಬರಬೇಕು. ಮಲ್ಪೆಯ ಓದುಗರಿಗೆ ಆಟಿಯ ಬೂದು ಹೇಳುವುದು ಇದನ್ನು: ಕಾಯುವುದು, ಸಾಲ, ಹೊರಗೆ ಹೋಗಲಾಗದ ಗಂಡಸರು.

ಶಾಸ್ತ್ರದ ಆಧಾರ ಬೇಕಿದ್ದರೆ ಭರತನ ನಾಟ್ಯಶಾಸ್ತ್ರ ಉಂಟು. ಅದರಲ್ಲಿ ಒಂದೊಂದು ರಸಕ್ಕೆ ಒಂದೊಂದು ಬಣ್ಣ: ಭಯಾನಕಕ್ಕೆ ಕಪ್ಪು, ಕರುಣಕ್ಕೆ ಕಪೋತ, ಅಂದರೆ ಪಾರಿವಾಳದ ಬಣ್ಣ. ಕರುಣದ ಅಧಿದೇವತೆ ಯಮ. ನನಗೆ ಇದು ಬಹಳ ಹಿಡಿಸಿದ ಆಯ್ಕೆ. ಪಾರಿವಾಳ ಸುಮ್ಮನೆ ಬೂದಲ್ಲ, ಕತ್ತು ತಿರುಗಿಸಿದಾಗ ಹಸಿರು, ನೇರಳೆ ಮಿಂಚುತ್ತದೆ. ನಿಮ್ಮ ಟೀಚರಿಗೆ ಒಂದು ಹಳೆಯ ದುಃಖ ಇದ್ದರೆ ಅಂಥ ಸೀರೆ ಕೊಡಿ. ಸಿಟ್ಟು ಇದ್ದರೆ ಬೇರೆ ದಾರಿ: ಬೂದಿ ಮುಚ್ಚಿದ ಕೆಂಡ ಎನ್ನುವುದು ಎಲ್ಲರ ಬಾಯಲ್ಲೂ ಇದೆ, ಬಣ್ಣದ ಹೆಸರನ್ನೇ ಎತ್ತದೆ ಒಲೆಯನ್ನು ತೋರಿಸಿದರೂ ಸಾಕು. ಟೀಚರು ಕ್ರೈಸ್ತರಾದರೆ ಹಣೆಗೆ ಬೂದಿ ಹಚ್ಚಿಸಿಕೊಳ್ಳುವ ಬೂದಿ ಬುಧವಾರವೂ ಸಿಗುತ್ತದೆ. ಹಿಂದಿನ ವರ್ಷದ ಗರಿಗಳ ಹಬ್ಬದ ಗರಿಯನ್ನೇ ಸುಟ್ಟು ಮಾಡಿದ ಬೂದಿ ಅದು.

ಕಲ್ಲಿನ ಬೂದು ಇನ್ನೊಂದೇ ಲೋಕ. ಕಾರ್ಕಳದ 42 ಅಡಿಯ ಗೋಮಟ 1432ರಿಂದ ಮಳೆಗೆ ನೆನೆಯುತ್ತಾ ನಿಂತಿದ್ದಾನೆ. ಅಲ್ಲಿ ಆ ಬಣ್ಣ ವೈರಾಗ್ಯ. ಮಲ್ಪೆಯಲ್ಲೇ ಇರುವುದರಿಂದ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳನ್ನೂ ಬಳಸಿಕೊಳ್ಳಬಹುದು, ಸುಮಾರು 8.8 ಕೋಟಿ ವರ್ಷ ಹಿಂದೆ ಭಾರತ ಮಡಗಾಸ್ಕರ್‌ನಿಂದ ಬೇರೆಯಾಗುವ ಕಾಲದ ಲಾವಾ. ಅಗಲಿಕೆಯ ಕತೆಯಾದರೆ ಬಿಡಬೇಡಿ.

ಸಿನಿಮಾ ವಿಮರ್ಶೆಯ 'ಗ್ರೇ ಶೇಡ್ ಪಾತ್ರ' ಮಾತ್ರ ಬೇಡ. ಸವೆದು ಹೋಗಿದೆ.

ಹಾಗಾಗಿ ಸೀರೆಯ ಬಣ್ಣಕ್ಕಿಂತ ಮೊದಲು ಕತೆಯ ತಿಂಗಳು ನಿಶ್ಚಯ ಮಾಡಿ. ನಾನಾದರೆ ಮೇ ಕೊನೆಯಲ್ಲಿ ಶುರು ಮಾಡಿ ಆಟಿಗೆ ಮುಗಿಸುತ್ತಿದ್ದೆ, ಸೀರೆ ಬದಲಾಯಿಸುತ್ತಿರಲಿಲ್ಲ.

ಇನ್ನೊಂದು, ಮುಖಪುಟ ಮಾಡುವವರಿಗೆ ಬರೀ 'ಡಾರ್ಕ್ ಗ್ರೇ' ಎಂದು ಬರೆದು ಕಳಿಸಬೇಡಿ. ವೆಬ್ ಬಣ್ಣಗಳ ಪಟ್ಟಿಯಲ್ಲಿ ಎರಡು ಹಳೆಯ ಪಟ್ಟಿಗಳು ಬೆರೆತು 'ಡಾರ್ಕ್ ಗ್ರೇ' (169) ಎನ್ನುವುದು ಬರೀ 'ಗ್ರೇ' (128)ಗಿಂತ ತೆಳುವಾಗಿ ಕೂತಿದೆ. ಅಂಕಿ ಹೆಚ್ಚಿದಷ್ಟೂ ಬಣ್ಣ ತೆಳು. 'ಡಿಮ್ ಗ್ರೇ' (105) ಕೇಳಿ.